ಓದುಗರ ಪ್ರಶ್ನೆ, ತಜ್ಞರ ಉತ್ತರ: ಅಸಿಟೋನ್ ಬಳಸುವವರಿಗೆ

ಉಗುರಿನ ಬಣ್ಣ ತೆಗೆಯುವವರಿಂದ ಹಿಡಿದು ಗ್ಯಾಸ್ ವೆಲ್ಡಿಂಗ್ ಮಾಡುವವರ ತನಕ ಹಲವರು ಅಸಿಟೋನ್ ಎಂಬ ಬೇಗ ಆರುವ ದ್ರಾವಕದ ಬಗ್ಗೆ ಬರೆದಿದ್ದಾರೆ. ಅವರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹಳಷ್ಟು ಜನ ಕೇಳಿರುವುದು ‘ಇದು ವಿಷವೇ?’ ಎಂದು. ಬೆಂಕಿಯ ಬಗ್ಗೆ ಕೇಳಿದವರು ತೀರಾ ಕಡಿಮೆ. ಅಸಿಟೋನ್‌ನಿಂದ ಆಗುವ ದೊಡ್ಡ ಅನಾಹುತಗಳು ಹೆಚ್ಚಾಗಿ ಬೆಂಕಿಯ ಕಡೆಯಿಂದಲೇ ಬರುವುದರಿಂದ ಉತ್ತರಗಳಲ್ಲಿ ಆ ಮಾತಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಮಗಳು ವಾರಕ್ಕೆರಡು ಸಲ ಉಗುರಿನ ಬಣ್ಣ ತೆಗೆಯಲು ರಿಮೂವರ್ ಬಳಸುತ್ತಾಳೆ. ಕೋಣೆಯೆಲ್ಲ ವಾಸನೆ ತುಂಬಿಕೊಳ್ಳುತ್ತದೆ. ಅದರಿಂದ ಕ್ಯಾನ್ಸರ್ ಬರುತ್ತದೆ ಎಂದು ಯಾರೋ ಹೆದರಿಸಿದರು. ‘ಅಸಿಟೋನ್ ರಹಿತ’ ಎಂದು ಬರೆದಿರುವುದನ್ನು ತಂದರೆ ನಿಶ್ಚಿಂತೆಯಾಗಿರಬಹುದೇ?

ಉತ್ತರ: ಅಸಿಟೋನ್ ಕ್ಯಾನ್ಸರ್ ತರುತ್ತದೆ ಎನ್ನಲು ಪುರಾವೆಯಿಲ್ಲ. ನಮ್ಮೆಲ್ಲರ ಮೈಯಲ್ಲೂ ಅದು ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಕೊಬ್ಬನ್ನು ಶಕ್ತಿಯಾಗಿ ಬಳಸುವಾಗ ಯಕೃತ್ತು ಅಸಿಟೋಅಸಿಟೇಟ್ ಎಂಬುದನ್ನು ತಯಾರಿಸುತ್ತದೆ, ಅದರಲ್ಲಿ ಒಂದು ಪಾಲು ತಾನಾಗಿ ಒಡೆದು ಅಸಿಟೋನ್ ಆಗಿ ಉಸಿರು ಮತ್ತು ಮೂತ್ರದ ಮೂಲಕ ಹೊರಹೋಗುತ್ತದೆ.

ವಾಸನೆಯ ಲೆಕ್ಕ ಹಾಕಿ ನೋಡೋಣ. ಒಂದು ಮಿಲಿಲೀಟರ್ ಅಸಿಟೋನ್ ಪೂರ್ತಿ ಆರಿದರೆ ಸುಮಾರು ಮೂರನೇ ಒಂದು ಲೀಟರ್ ಆವಿಯಾಗುತ್ತದೆ. ಮೂರು ಮೀಟರ್ ಉದ್ದಗಲ, ಎರಡೂವರೆ ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ 10 ಮಿಲಿಲೀಟರ್ ಆರಿಹೋದರೆ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 150 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 150 ಪಾಲು. ಇಡೀ ದಿನ ಕೆಲಸ ಮಾಡುವವರಿಗೆ ಅಮೆರಿಕದ ಉದ್ಯೋಗ ಸುರಕ್ಷತೆ ಅಧ್ಯಯನ ಮಾಡುವ ಎನ್‌ಐಒಎಸ್‌ಎಚ್ ಸಂಸ್ಥೆ ಸೂಚಿಸಿರುವ ಮಿತಿ 250 ಪಿಪಿಎಂ. ಕಿಟಕಿ ತೆರೆದು ಒಂದು ಸಲ ಬಣ್ಣ ತೆಗೆದರೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಅದೇ ಕೋಣೆಯಲ್ಲಿ 100 ಮಿಲಿಲೀಟರ್ ಚೆಲ್ಲಿ ಕಿಟಕಿ ಮುಚ್ಚಿಕೊಂಡು ಕೂತರೆ 1,500 ಪಿಪಿಎಂ ಹತ್ತಿರ ಬರುತ್ತದೆ. ಆಗ ಕಣ್ಣು ಉರಿ, ಗಂಟಲು ಕೆರೆತ, ತಲೆನೋವು, ತಲೆ ಹಗುರಾದಂತೆ ಅನ್ನಿಸುವುದು ಶುರುವಾಗುತ್ತದೆ. ಹೊರಗೆ ಬಂದು ಶುದ್ಧ ಗಾಳಿ ತೆಗೆದುಕೊಂಡರೆ ಇಳಿಯುತ್ತದೆ. ಮೂಗನ್ನು ಮಾತ್ರ ಪೂರ್ತಿ ನಂಬಬೇಡಿ. ಸ್ವಲ್ಪ ಹೊತ್ತಿನಲ್ಲೇ ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಆವಿ ಕಡಿಮೆಯಾಯಿತೆಂದು ತಪ್ಪು ತಿಳಿಯುತ್ತೇವೆ.

ಮೇಲಿಂದ ಮೇಲೆ ಬಳಸುವವರಿಗೆ ನಿಜವಾಗಿ ತೊಂದರೆ ಕೊಡುವುದು ಚರ್ಮ. ಅಸಿಟೋನ್ ಚರ್ಮದ ಎಣ್ಣೆಯಂಶವನ್ನು ಕರಗಿಸಿಕೊಂಡು ಹೋಗುತ್ತದೆ. ಬೆರಳ ತುದಿ ಬೆಳ್ಳಗಾಗಿ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಉಗುರು ಪದರ ಬಿಡುತ್ತದೆ. ಇಡೀ ಬೆರಳನ್ನು ಅದ್ದುವ ಬದಲು ಹತ್ತಿಯಲ್ಲಿ ನೆನೆಸಿ ಉಗುರಿನ ಮೇಲಷ್ಟೇ ಒತ್ತಿ ಹಿಡಿಯಲಿ. ಸುತ್ತಲಿನ ಚರ್ಮಕ್ಕೆ ಮೊದಲೇ ವ್ಯಾಸಲೀನ್ ಸವರಿದರೆ ಒಳ್ಳೆಯದು. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಬೇಕು. ಉರಿ ನಿಲ್ಲದಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ.

‘ಅಸಿಟೋನ್ ರಹಿತ’ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವುದು ಈಥೈಲ್ ಅಸಿಟೇಟ್. ಬಣ್ಣ ನಿಧಾನವಾಗಿ ಬಿಡುತ್ತದೆ, ಚರ್ಮ ಕೊಂಚ ಕಡಿಮೆ ಒಣಗುತ್ತದೆ. ಬೆಂಕಿಯ ವಿಷಯದಲ್ಲಿ ಎರಡಕ್ಕೂ ಒಂದೇ ಎಚ್ಚರಿಕೆ ಬೇಕು. ಹತ್ತಿರದಲ್ಲಿ ಮೇಣದಬತ್ತಿ, ಊದುಬತ್ತಿ, ಸ್ಟವ್ ಯಾವುದೂ ಇರಬಾರದು.

ಪ್ರಶ್ನೆ: ಫೈಬರ್‌ಗ್ಲಾಸ್ ಕೆಲಸದ ಸಣ್ಣ ವರ್ಕ್‌ಶಾಪ್ ಇದೆ. ಬ್ರಷ್ಷು, ರೋಲರ್ ತೊಳೆಯಲು ಬಕೆಟ್‌ನಲ್ಲಿ ಅಸಿಟೋನ್ ಇಟ್ಟುಕೊಳ್ಳುತ್ತೇವೆ. ಖಾಲಿಯಾದ 20 ಲೀಟರ್ ತಗಡಿನ ಕ್ಯಾನುಗಳ ತಲೆ ಕತ್ತರಿಸಿ ಕಸದ ಡಬ್ಬ ಮಾಡಿಕೊಳ್ಳೋಣ ಅಂತಿದ್ದೇವೆ. ಖಾಲಿ ಕ್ಯಾನು ತಾನೇ, ಗ್ರೈಂಡರ್ ಹಾಕಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ತುಂಬಿದ ಕ್ಯಾನಿಗಿಂತ ‘ಖಾಲಿ’ ಕ್ಯಾನು ಹೆಚ್ಚು ಅಪಾಯ.

ಅಸಿಟೋನ್ ಆವಿ ಗಾಳಿಯಲ್ಲಿ ಶೇ 2.5ರಿಂದ ಸುಮಾರು ಶೇ 13ರವರೆಗೆ ಇದ್ದಾಗ ಒಂದು ಕಿಡಿ ತಾಗಿದರೆ ಸಿಡಿಯುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಉರಿಯಲು ಆವಿ ಸಾಲದು, ಹೆಚ್ಚಿದ್ದರೆ ಗಾಳಿ ಸಾಲದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮುಚ್ಚಳ ಬಿಗಿದ, ಅರ್ಧ ತುಂಬಿದ ಕ್ಯಾನಿನ ಖಾಲಿ ಜಾಗದಲ್ಲಿ ಆವಿ ಶೇ 30ರಷ್ಟಿರುತ್ತದೆ. ಆ ಜಾಗ ಹೊತ್ತಿಕೊಳ್ಳಲಾರದಷ್ಟು ದಟ್ಟ. ಸುರಿದು ಖಾಲಿ ಮಾಡುತ್ತಾ ಹೋದ ಹಾಗೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಆವಿ ತೆಳುವಾಗಿ ಸಿಡಿಯುವ ಮಟ್ಟಕ್ಕೆ ಇಳಿಯುತ್ತದೆ. 20 ಲೀಟರ್ ಕ್ಯಾನಿನಲ್ಲಿ ಶೇ 2.5 ಎಂದರೆ ಅರ್ಧ ಲೀಟರ್ ಆವಿ. ಅದಕ್ಕೆ ಬೇಕಾದ ದ್ರವ ಕೇವಲ ಒಂದೂವರೆ ಮಿಲಿಲೀಟರ್. ಕ್ಯಾನು ಬೋರಲು ಹಾಕಿದರೂ ಅಂಚಿನ ಮಡಿಕೆಯಲ್ಲಿ, ಹಿಡಿಕೆಯ ಕೆಳಗಿನ ಬೆಸುಗೆಯ ಸಂದಿನಲ್ಲಿ ಅಷ್ಟು ನಿಲ್ಲುತ್ತದೆ. ಅದಕ್ಕೆ ಗ್ರೈಂಡರ್ ಕಿಡಿ ಮುಟ್ಟಿದರೆ ತಗಡು ಹರಿದು ಮುಖಕ್ಕೆ ಬಡಿಯುತ್ತದೆ. ಅಸಿಟೋನ್ ನೀರಿನಲ್ಲಿ ಪೂರ್ತಿ ಬೆರೆಯುವುದರಿಂದ ಕ್ಯಾನನ್ನು ಗುಜರಿಗೆ ಕೊಡುವ ಮುಂಚೆ ಬಾಯಿತನಕ ನೀರು ತುಂಬಿ ಚೆಲ್ಲುವುದನ್ನು ಎರಡು ಮೂರು ಸಲ ಮಾಡಿ, ಮುಚ್ಚಳ ತೆಗೆದು ಬಯಲಲ್ಲಿ ಇಡಿ. ತೊಳೆದ ಮೇಲೂ ಕತ್ತರಿಸುವ, ಬೆಸುಗೆ ಹಾಕುವ ಕೆಲಸ ಬೇಡ. ಕಸದ ಡಬ್ಬಕ್ಕೆ ಬೇರೆ ಡಬ್ಬ ತನ್ನಿ.

ಈಗ ಬಕೆಟ್ಟಿನ ವಿಚಾರ. ಅಸಿಟೋನ್ ಕುದಿಯುವುದು 56 ಡಿಗ್ರಿಯಲ್ಲಿ. ಆದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯೂ ಸಾಕು. ಹಾಗಾಗಿ ತೆರೆದ ಬಕೆಟ್ ಯಾವ ಕಾಲದಲ್ಲಾದರೂ, ಯಾವ ಊರಲ್ಲಾದರೂ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ಅದರ ಆವಿ ಗಾಳಿಗಿಂತ ಎರಡು ಪಟ್ಟು ಭಾರ. ಬಕೆಟ್ ಅಂಚಿನಿಂದ ಇಳಿದು ನೆಲದ ಮೇಲೆ ಹರಿದು, ಮೂಲೆಯ ತಗ್ಗಿನಲ್ಲಿ, ಚರಂಡಿಯ ಬಾಯಲ್ಲಿ ತುಂಬಿಕೊಳ್ಳುತ್ತದೆ. ಹಲವು ಮೀಟರ್ ಆಚೆಯ ಕಂಪ್ರೆಸರ್ ಸ್ವಿಚ್ಚಿನಲ್ಲೋ ಡ್ರಿಲ್ ಮೋಟಾರಿನ ಬ್ರಷ್ಷಿನಲ್ಲೋ ಕಿಡಿ ಹಾರಿದರೆ ಬೆಂಕಿ ಅದೇ ದಾರಿ ಹಿಡಿದು ಬಕೆಟ್‌ಗೆ ಮರಳುತ್ತದೆ. ಎದೆಮಟ್ಟದಲ್ಲಿ ವಾಸನೆ ಕಡಿಮೆ ಇದ್ದರೂ ಪಾದದ ಮಟ್ಟದಲ್ಲಿ ಕಡಿಮೆ ಎನ್ನಲಾಗದು.

ಕೆಲಸವನ್ನು ಹೀಗೆ ಬದಲಿಸಿಕೊಳ್ಳಿ. ಬ್ರಷ್‌ಗೆ ಅಂಟಿದ ರಾಳವನ್ನು ಮೊದಲು ಕಾಗದದಲ್ಲಿ ಹಿಂಡಿ ಒರೆಸಿ, ಅರ್ಧಕ್ಕೂ ಹೆಚ್ಚು ಅಲ್ಲೇ ಹೋಗುತ್ತದೆ. ಬಕೆಟ್ ಬದಲು ಬಿಗಿ ಮುಚ್ಚಳದ ಎರಡು ತಗಡಿನ ಡಬ್ಬ ಇಟ್ಟುಕೊಳ್ಳಿ, ಒಂದೊಂದರಲ್ಲಿ 300 ಮಿಲಿಲೀಟರ್ ಸಾಕು. ಮೊದಲ ಡಬ್ಬದಲ್ಲಿ ಕೊಳೆ ಬಿಡಿಸಿ, ಎರಡನೆಯದರಲ್ಲಿ ಕೊನೆಯ ತೊಳೆತ. ಮೊದಲನೆಯದು ಗಟ್ಟಿಯಾದಾಗ ಅದನ್ನು ತ್ಯಾಜ್ಯಕ್ಕೆ ಹಾಕಿ, ಎರಡನೆಯದನ್ನು ಮೊದಲನೆಯದಾಗಿ ಮಾಡಿ, ಹೊಸದನ್ನು ಎರಡನೆಯದಕ್ಕೆ ತುಂಬಿ. ಅಸಿಟೋನ್ ಖರ್ಚೂ ಉಳಿಯುತ್ತದೆ. ತೊಳೆಯುವ ಜಾಗ ಹೊರಗಡೆ ಇರಲಿ, ಇಲ್ಲವೇ ನೆಲಮಟ್ಟದಲ್ಲಿ ಗಾಳಿ ಆಡುವ ಕಡೆ ಇರಲಿ. ಒರೆಸಿದ ಬಟ್ಟೆ ಮುಚ್ಚಳವಿರುವ ಲೋಹದ ತೊಟ್ಟಿಗೆ ಹೋಗಬೇಕು. ಡ್ರಮ್ಮಿನಿಂದ ಕ್ಯಾನಿಗೆ ಸುರಿಯುವಾಗ ಎರಡಕ್ಕೂ ಕ್ಲಿಪ್ ಇರುವ ತಾಮ್ರದ ತಂತಿ ಕಟ್ಟಿ, ಡ್ರಮ್ಮನ್ನು ನೆಲಕ್ಕೆ ಅರ್ತ್ ಮಾಡಿ. ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಹೀಗೆ ಕಿಡಿಯಾಗದೆ ಇಳಿದುಹೋಗುತ್ತದೆ. ಪ್ಲಾಸ್ಟಿಕ್ ಬಕೆಟ್‌ಗೆ ಈ ತಂತಿಯಿಂದ ಪ್ರಯೋಜನವಿಲ್ಲ, ಅದಕ್ಕೇ ಲೋಹದ ಪಾತ್ರೆ ಎಂದು ಹೇಳಿದ್ದು.

ನಿಮ್ಮ ಕೆಲಸಕ್ಕೇ ಸೇರಿದ ಇನ್ನೊಂದು ಮಾತು. ರಾಳ ಗಟ್ಟಿಯಾಗಲು ಸೇರಿಸುವ ಹಾರ್ಡನರ್, ಎಂಇಕೆಪಿ, ಒಂದು ಪೆರಾಕ್ಸೈಡ್. ಅದನ್ನು ಅಸಿಟೋನ್‌ನಿಂದ ತೆಳು ಮಾಡುವುದು, ಅದರ ಅಳತೆ ಲೋಟವನ್ನು ಅಸಿಟೋನ್ ಡಬ್ಬದಲ್ಲಿ ಅದ್ದಿ ತೊಳೆಯುವುದು ಎರಡೂ ಬೇಡ. ಆಘಾತಕ್ಕೆ ಸಿಡಿಯುವ ಪೆರಾಕ್ಸೈಡ್‌ಗಳು ಅದರಲ್ಲಿ ಉಂಟಾಗುವ ಸಾಧ್ಯತೆ ಇದೆ. ಲೋಟಕ್ಕೆ ಧಾರಾಳ ನೀರು, ಸೋಪು ಸಾಕು.

ಪ್ರಶ್ನೆ: ಡಬ್ಬಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಹುದೇ? ಅಸಿಟೋನ್ ನೀರಲ್ಲಿ ಬೆರೆಯುತ್ತದಲ್ಲ?

ಉತ್ತರ: ಬೆರೆಯುತ್ತದೆ, ಆದರೆ ಆರುವಷ್ಟು ತೆಳುವಾಗಬೇಕಾದರೆ ಅದರ ಹಲವು ಪಟ್ಟು ನೀರು ಬೇಕು. ಅಷ್ಟರೊಳಗೆ ಡಬ್ಬ ತುಂಬಿ ಉರಿಯುವ ದ್ರವ ನೆಲಕ್ಕೆ ಹರಿದಿರುತ್ತದೆ. ರಭಸದ ನೀರಿನ ಧಾರೆ ಅದನ್ನು ಎರಚಿಬಿಡುತ್ತದೆ. ಸಣ್ಣ ಡಬ್ಬವಾದರೆ ಲೋಹದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗುವ ತನಕ ತೆಗೆಯಬೇಡಿ. ಉರಿಯುತ್ತಿರುವ ಡಬ್ಬವನ್ನು ಎತ್ತಿಕೊಂಡು ಹೊರಗೆ ಓಡಬೇಡಿ, ಮೈಮೇಲೆ ಚೆಲ್ಲಿಕೊಳ್ಳುವುದು ಆಗಲೇ. ಡ್ರೈ ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ಉಪಕರಣ ಕೈಗೆಟಕುವಲ್ಲಿ, ಬಾಗಿಲ ಕಡೆಗೆ ಇರಲಿ. ಮಾಮೂಲಿ ನೊರೆಯನ್ನು ಅಸಿಟೋನ್ ಕರಗಿಸಿ ಹಾಳುಮಾಡುತ್ತದೆ, ಇದಕ್ಕೆ ಆಲ್ಕೊಹಾಲ್ ನಿರೋಧಕ ನೊರೆಯೇ ಬೇಕು. ಬೆಂಕಿ ಡಬ್ಬ ದಾಟಿದರೆ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಪ್ರಶ್ನೆ: ನೀಲಿ ನೈಟ್ರೈಲ್ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡುತ್ತೇನೆ. ಆದರೂ ಕೈ ತಣ್ಣಗಾಗಿ ಚರ್ಮ ಬಿರುಕು ಬಿಡುತ್ತಿದೆ. ಮುಖಕ್ಕೆ ಯಾವ ಮಾಸ್ಕ್?

ಉತ್ತರ: ಒಮ್ಮೆ ಬಳಸಿ ಎಸೆಯುವ ತೆಳು ನೈಟ್ರೈಲ್ ಅಸಿಟೋನ್‌ಗೆ ತಡೆಯಲ್ಲ. ಒಂದೆರಡು ನಿಮಿಷದಲ್ಲೇ ಅದು ಉಬ್ಬಿ, ಸುಕ್ಕಾಗಿ, ದ್ರವವನ್ನು ಒಳಗೆ ಬಿಡುತ್ತದೆ. ಕೈ ತಣ್ಣಗಾಗುವುದು ಅಸಿಟೋನ್ ಒಳಗೆ ಬಂದಿದೆ ಎಂಬುದರ ಗುರುತು. ಒದ್ದೆ ಗ್ಲೌಸ್ ಒಳಗೆ ಚರ್ಮ ಬರಿಗೈಗಿಂತ ಹೆಚ್ಚು ಹೊತ್ತು ನೆನೆಯುತ್ತದೆ, ಬಿರುಕಿಗೆ ಅದೇ ಕಾರಣ. ಸಿಡಿಯುವ ಹನಿಗಳಿಗೆ ಮಾತ್ರ ನೈಟ್ರೈಲ್ ಸಾಕು, ಅದೂ ಹನಿ ಬಿದ್ದ ಕೂಡಲೇ ಬದಲಿಸುವುದಾದರೆ. ಕೈ ಅದ್ದುವ ಕೆಲಸಕ್ಕೆ ಬ್ಯೂಟೈಲ್ ರಬ್ಬರ್ ಗ್ಲೌಸ್ ತನ್ನಿ. ಅಸಿಟೋನ್‌ಗೆ ಅದು ಎಂಟು ಗಂಟೆಗೂ ಮೀರಿ ತಡೆಯುತ್ತದೆ. ಬಿಗಿಯಾಗಿ, ದಪ್ಪವಾಗಿ ಇರುತ್ತದೆ, ಸೂಕ್ಷ್ಮ ಕೆಲಸಕ್ಕೆ ಕಷ್ಟ, ಆದರೆ ಬೇರೆ ದಾರಿ ಹೆಚ್ಚಿಲ್ಲ. ಪಿವಿಸಿ ಗ್ಲೌಸ್ ಬೇಡವೇ ಬೇಡ.

ಮಾಸ್ಕ್ ವಿಷಯದಲ್ಲಿ, ಧೂಳಿನ ಮಾಸ್ಕು ಆವಿಯನ್ನು ತಡೆಯುವುದೇ ಇಲ್ಲ. ಇದ್ದಿಲು ತುಂಬಿದ ಸಾಮಾನ್ಯ ಕಾರ್ಟ್ರಿಡ್ಜ್‌ನಲ್ಲೂ ಅಸಿಟೋನ್ ಬೇಗ ಆಚೆ ದಾಟುತ್ತದೆ. 65 ಡಿಗ್ರಿಗಿಂತ ಕೆಳಗೆ ಕುದಿಯುವ ದ್ರಾವಕಗಳಿಗೆ ಯುರೋಪಿನ ಮಾನದಂಡದಲ್ಲಿ ‘ಎಎಕ್ಸ್’ ಎಂಬ ಪ್ರತ್ಯೇಕ ವರ್ಗವಿದೆ, ಕಂದು ಪಟ್ಟಿ ಇರುತ್ತದೆ, ಒಂದೇ ಪಾಳಿಗೆ ಬಳಸಿ ಎಸೆಯಬೇಕು. ಆವಿಯನ್ನು ಫ್ಯಾನ್ ಇಟ್ಟು ಹೊರಹಾಕುವುದಾದರೆ ಮೋಟಾರು ಆವಿ ಹೋಗುವ ದಾರಿಯಲ್ಲಿ ಇರಬಾರದು.

ಪ್ರಶ್ನೆ: ಅಸಿಟೋನ್ ಯಾವ ಪ್ಲಾಸ್ಟಿಕ್ ಕರಗಿಸುತ್ತದೆ? ಸೂಪರ್‌ಗ್ಲೂ ತೆಗೆಯಲು ಹೋಗಿ ಕನ್ನಡಕದ ಗಾಜು ಮಂಜಾಯಿತು.

ಉತ್ತರ: ಪಾಲಿಸ್ಟೈರೀನ್, ಎಬಿಎಸ್, ಅಕ್ರಿಲಿಕ್ ಕರಗುತ್ತವೆ. ಪಾಲಿಕಾರ್ಬೊನೇಟ್ ಮಂಜಾಗಿ ಒಳಗೆ ಸಣ್ಣ ಬಿರುಕುಗಳೇಳುತ್ತವೆ, ನಿಮ್ಮ ಕನ್ನಡಕದ್ದು ಬಹುಶಃ ಅದೇ. ಅದು ಸರಿಹೋಗುವುದಿಲ್ಲ. ಪಿವಿಸಿ ಉಬ್ಬಿ ಮೆತ್ತಗಾಗುತ್ತದೆ. ಪಾಲಿಥಿನ್, ಪಾಲಿಪ್ರೊಪಿಲೀನ್, ಟೆಫ್ಲಾನ್ ತಡೆದುಕೊಳ್ಳುತ್ತವೆ. ಡಬ್ಬದ ತಳದಲ್ಲಿರುವ ತ್ರಿಕೋನದೊಳಗಿನ ಅಂಕಿ ನೋಡಿ: 2, 4, 5 ಆದರೆ ಸರಿ. 3, 6 ಆದರೆ ದೂರವಿಡಿ. ಬಟ್ಟೆಗಳಲ್ಲಿ ಹತ್ತಿ, ಉಣ್ಣೆ, ಪಾಲಿಯೆಸ್ಟರ್, ನೈಲಾನಿಗೆ ಏನೂ ಆಗುವುದಿಲ್ಲ, ಬಣ್ಣ ಮಾತ್ರ ಹೋಗಬಹುದು. ಅಸಿಟೇಟ್ ನೂಲಿನ ಬಟ್ಟೆ, ಅನೇಕ ಕೋಟುಗಳ ಒಳಪದರ ಇದೇ, ತೂತು ಬೀಳುತ್ತದೆ. ಮರದ ಪಾಲಿಶ್ ಕೂಡ ಏಳುತ್ತದೆ. ಯಾವುದಕ್ಕಾದರೂ ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಒಂದು ನಿಮಿಷ ಕಾದು ನೋಡಿ.

ಪ್ರಶ್ನೆ: 3ಡಿ ಪ್ರಿಂಟರ್‌ನಲ್ಲಿ ಮಾಡಿದ ವಸ್ತುಗಳ ಗೆರೆಗಳನ್ನು ಅಸಿಟೋನ್ ಆವಿಯಲ್ಲಿ ನಯ ಮಾಡಬಹುದೆಂದು ಕೇಳಿದ್ದೇನೆ. ಪಾತ್ರೆಯಲ್ಲಿ ಹಾಕಿ ಕಾಯಿಸಬೇಕೇ?

ಉತ್ತರ: ಕಾಯಿಸಬೇಡಿ. ಬೇಗ ಆಗುತ್ತದೆ ಎಂದು ಹಾಟ್‌ಪ್ಲೇಟ್ ಮೇಲೆ, ರೈಸ್ ಕುಕ್ಕರ್‌ನಲ್ಲಿ ಕಾಯಿಸುವ ವಿಧಾನ ಓಡಾಡುತ್ತಿದೆ. ದಟ್ಟ ಆವಿ ಅಂಚು ದಾಟಿ ಥರ್ಮೊಸ್ಟಾಟ್‌ನ ಕಿಡಿಗೆ ಸಿಗುವಂತೆ ತಾವೇ ಏರ್ಪಾಡು ಮಾಡಿಕೊಂಡ ಹಾಗೆ ಅದು. ಕೋಣೆಯ ಉಷ್ಣತೆಯಲ್ಲೇ ಕೆಲಸ ಚೆನ್ನಾಗಿ ಆಗುತ್ತದೆ, ಸ್ವಲ್ಪ ಹೊತ್ತು ಹೆಚ್ಚು ಬೇಕು ಅಷ್ಟೇ.

ವಸ್ತು ಎಬಿಎಸ್ ಅಥವಾ ಎಎಸ್ಎ ಪ್ಲಾಸ್ಟಿಕ್ಕಿನದೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಪಿಎಲ್ಎ ಆದರೆ ನಯವಾಗುವುದಿಲ್ಲ, ಮೆತ್ತಗಾಗಿ ಅಂಟಂಟಾಗುತ್ತದೆ. ಮುಚ್ಚಳವಿರುವ ತಗಡಿನ ಅಥವಾ ಗಾಜಿನ ಡಬ್ಬದ ಒಳಗೋಡೆಗೆ ಟಿಶ್ಯೂ ಕಾಗದ ಅಂಟಿಸಿ, ಅದು ತೇವವಾಗುವಷ್ಟು ಮಾತ್ರ ಅಸಿಟೋನ್ ಹಾಕಿ. ಎರಡು ಲೀಟರ್ ಡಬ್ಬಕ್ಕೆ 10ರಿಂದ 15 ಮಿಲಿಲೀಟರ್ ಸಾಕು. ತಳದಲ್ಲಿ ಕೊಳದಂತೆ ನಿಲ್ಲಬಾರದು. ವಸ್ತುವನ್ನು ಅಲ್ಯೂಮಿನಿಯಂ ಹಾಳೆಯ ಪೀಠದ ಮೇಲೆ, ಕಾಗದಕ್ಕೆ ತಾಗದಂತೆ ಇಟ್ಟು ಮುಚ್ಚಿ. 20 ನಿಮಿಷಕ್ಕೊಮ್ಮೆ ನೋಡಿ. ಗೆರೆಗಳು ಇನ್ನೂ ಮಸುಕಾಗಿ ಕಾಣುತ್ತಿರುವಾಗಲೇ ಹೊರತೆಗೆಯಬೇಕು, ಏಕೆಂದರೆ ಪ್ಲಾಸ್ಟಿಕ್ ಹೀರಿಕೊಂಡ ಅಸಿಟೋನ್ ಹೊರಗೆ ಬಂದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ. ಪೂರ್ತಿ ನಯವಾಗಲಿ ಎಂದು ಒಳಗೇ ಕಾದರೆ ಅಂಚುಗಳು ಇಳಿಬಿದ್ದು, ಬರೆದ ಅಕ್ಷರಗಳು ಅಳಿಸಿಹೋಗುತ್ತವೆ. ಮುಟ್ಟಬೇಡಿ, ಬೆರಳಚ್ಚು ಹಾಗೇ ಉಳಿಯುತ್ತದೆ. ಪೀಠದ ಹಾಳೆಯನ್ನೇ ಹಿಡಿದು ಎತ್ತಿ. ಗಾಳಿಯಲ್ಲಿ ಒಂದು ದಿನವಾದರೂ ಆರಲಿ. ಒಂದು ಮಿಲಿಮೀಟರ್‌ಗಿಂತ ತೆಳುವಾದ ಗೋಡೆಗಳು ಬಾಗುತ್ತವೆ. ಸರಿಯಾಗಿ ಕೂರಬೇಕಾದ ತೂತು, ತಿರುಪುಗಳ ಅಳತೆಯೂ ಬದಲಾಗುತ್ತದೆ, ಅಂಥ ಭಾಗಗಳಿಗೆ ಈ ವಿಧಾನ ಹೊಂದುವುದಿಲ್ಲ.

ಪ್ರಶ್ನೆ: ಪದವಿ ತರಗತಿಯ ಪ್ರಾಜೆಕ್ಟ್‌ಗೆ ಎಲೆಯ ಕ್ಲೋರೊಫಿಲ್ ಅಳೆಯುತ್ತಿದ್ದೇವೆ. ಶೇ 80ರ ಅಸಿಟೋನ್ ಬಳಸಿದೆವು. ಅಳತೆ ಪ್ರತಿ ಸಲವೂ ಏರುತ್ತಲೇ ಹೋಗುತ್ತದೆ, ಸ್ಥಿರವಾಗುವುದೇ ಇಲ್ಲ. ದ್ರಾವಣ ಕೂಡ ಹಸಿರು ಹೋಗಿ ಕಂದಾಗುತ್ತಿದೆ.

ಉತ್ತರ: ಎರಡು ಬೇರೆ ತಪ್ಪುಗಳು ಒಟ್ಟಿಗೆ ಆಗಿವೆ. ಏರುತ್ತಿರುವ ಅಳತೆಗೆ ಕಾರಣ ನೀವು ಬಳಸಿದ ಪ್ಲಾಸ್ಟಿಕ್ ಕ್ಯುವೆಟ್ (ಅಳೆಯುವ ದ್ರಾವಣ ತುಂಬುವ ಚಿಕ್ಕ ಪಾರದರ್ಶಕ ಪಾತ್ರೆ) ಇರಬೇಕು. ಬಳಸಿ ಎಸೆಯುವ ಕ್ಯುವೆಟ್‌ಗಳು ಪಾಲಿಸ್ಟೈರೀನ್ ಅಥವಾ ಅಕ್ರಿಲಿಕ್. ಅಸಿಟೋನ್ ತಾಗಿದ ಕೂಡಲೇ ಒಳಮೈ ಹಾಲಿನಂತೆ ಮಂಜಾಗತೊಡಗುತ್ತದೆ, ಬೆಳಕು ಚದುರುತ್ತದೆ, ಉಪಕರಣ ಅದನ್ನು ದ್ರಾವಣವೇ ಬೆಳಕು ಹೀರಿಕೊಂಡ ಪ್ರಮಾಣ, ಅಂದರೆ ಹೀರಿಕೆ, ಎಂದು ಓದುತ್ತದೆ. ಕ್ಯುವೆಟ್ ತೊಳೆದು ಬೆಳಕಿಗೆ ಹಿಡಿದರೆ ಮಂಜು ಕಾಣುತ್ತದೆ. ಗಾಜಿನದನ್ನು ಬಳಸಿ, ಗೋಚರ ಬೆಳಕಿಗೆ ಕ್ವಾರ್ಟ್ಸ್ ಬೇಕಿಲ್ಲ. ಮೇಲೆ ಮುಚ್ಚಳವಿರಲಿ, ಇಲ್ಲವಾದರೆ ಅಸಿಟೋನ್ ಆರಿ ದ್ರಾವಣ ದಟ್ಟವಾಗಿ ಅಳತೆ ಮತ್ತೆ ಏರುತ್ತದೆ.

ಕಂದಾಗುವುದು ಎಲೆಯ ಆಮ್ಲದಿಂದ. ಅರೆದಾಗ ಕೋಶರಸದ ಆಮ್ಲ ಕ್ಲೋರೊಫಿಲ್‌ನ ನಡುವಿನ ಮೆಗ್ನೀಸಿಯಂ ಕಿತ್ತು ಅದನ್ನು ಫಿಯೊಫೈಟಿನ್ ಮಾಡುತ್ತದೆ. ಅರೆಯುವ ಮುಂಚೆ ಒಂದು ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಹಾಕಿ, ಕಲ್ಲು ಮತ್ತು ದ್ರಾವಕ ಎರಡನ್ನೂ ಮಂಜುಗಡ್ಡೆಯಲ್ಲಿ ತಂಪು ಮಾಡಿಕೊಳ್ಳಿ, ಬೆಳಕು ಕಡಿಮೆಯಿರುವಲ್ಲಿ ಕೆಲಸ ಮಾಡಿ.

ಉಳಿದ ಕ್ರಮ ಹೀಗಿರಲಿ. 80 ಮಿಲಿಲೀಟರ್ ಅಸಿಟೋನ್‌ಗೆ 20 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು. ಒಂದು ಗ್ರಾಂ ಹಸಿ ಎಲೆಯನ್ನು ನರ ಬಿಡಿಸಿ, 20 ಮಿಲಿಲೀಟರ್ ದ್ರಾವಕದಲ್ಲಿ ಅರೆದು, 5,000 ಆರ್‌ಪಿಎಂನಲ್ಲಿ ಐದು ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಗಸಿ ಬಿಳಿಯಾಗುವ ತನಕ ಹೀಗೆ ಮತ್ತೆ ಮತ್ತೆ ತೆಗೆದು, ತಿಳಿಯನ್ನೆಲ್ಲ ಸೇರಿಸಿ 100 ಮಿಲಿಲೀಟರ್‌ಗೆ ಏರಿಸಿ. ಸೆಂಟ್ರಿಫ್ಯೂಜ್ ಟ್ಯೂಬು ಪಾಲಿಪ್ರೊಪಿಲೀನ್‌ನದೇ ಆಗಿರಬೇಕು, ಪಾಲಿಕಾರ್ಬೊನೇಟ್ ಟ್ಯೂಬು ಓಡುವಾಗಲೇ ಸೀಳುತ್ತದೆ. ಟ್ಯೂಬಿನ ಮೇಲೆ ಮಾರ್ಕರ್‌ನಿಂದ ಬರೆದ ಗುರುತು ಒಂದು ಹನಿ ಅಸಿಟೋನ್‌ಗೆ ಅಳಿಸಿಹೋಗುತ್ತದೆ, ಕಾಗದದ ಟೇಪ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. 645 ಮತ್ತು 663 ನ್ಯಾನೊಮೀಟರ್‌ಗಳಲ್ಲಿ ಹೀರಿಕೆ ಅಳೆಯಿರಿ, ಶೂನ್ಯಕ್ಕೆ ಅದೇ ಶೇ 80ರ ಅಸಿಟೋನ್. ಒಟ್ಟು ಕ್ಲೋರೊಫಿಲ್ ಲೀಟರ್‌ಗೆ ಎಷ್ಟು ಮಿಲಿಗ್ರಾಂ ಎಂದರೆ, 645ರ ಹೀರಿಕೆಯ 20.2 ಪಟ್ಟು ಮತ್ತು 663ರ ಹೀರಿಕೆಯ 8.02 ಪಟ್ಟು ಕೂಡಿದಷ್ಟು. 1949ರಲ್ಲಿ ಡೇನಿಯಲ್ ಆರ್ನನ್ ಪ್ರಕಟಿಸಿದ ಈ ಸೂತ್ರ ಶೇ 80ರ ಅಸಿಟೋನ್‌ಗೆ ಮಾತ್ರ ಹೊಂದುತ್ತದೆ. ಹೀರಿಕೆ 0.8 ದಾಟಿದರೆ ಅದೇ ದ್ರಾವಕದಿಂದ ತೆಳು ಮಾಡಿ ಮತ್ತೆ ಅಳೆಯಿರಿ. ಅಸಿಟೋನ್‌ನಲ್ಲಿ ತೊಳೆದ ಗಾಜನ್ನು ಬೇಗ ಒಣಗಲೆಂದು ಬಿಸಿ ಓವನ್ನಿಗೆ ಇಡಬೇಡಿ. ಅದು ಎರಡು ನಿಮಿಷದಲ್ಲಿ ಗಾಳಿಗೇ ಒಣಗುತ್ತದೆ.

ಪ್ರಶ್ನೆ: ಲ್ಯಾಬಿನಲ್ಲಿ ದ್ರಾವಕಗಳ ತ್ಯಾಜ್ಯವನ್ನೆಲ್ಲ ಒಂದೇ ಬಾಟಲಿಗೆ ಹಾಕುತ್ತೇವೆ. ಅಸಿಟೋನ್ ಕೂಡ ಅದಕ್ಕೇ ಹಾಕಬಹುದೇ?

ಉತ್ತರ: ಬಾಟಲಿಯಲ್ಲಿ ಕ್ಲೋರೊಫಾರ್ಮ್ ಇದ್ದರೆ ಹಾಕಬೇಡಿ. ಅಸಿಟೋನ್ ಮತ್ತು ಕ್ಲೋರೊಫಾರ್ಮ್ ಸುಮ್ಮನೆ ಬೆರೆತಾಗ ಬೆಚ್ಚಗಾಗುತ್ತವೆ. ಅದಕ್ಕೆ ಕಾಸ್ಟಿಕ್ ಸೋಡಾದಂಥ ಕ್ಷಾರ ಸ್ವಲ್ಪ ಸೇರಿದರೂ ರಭಸದ ಕ್ರಿಯೆ ಶುರುವಾಗಿ ಕುದಿದು ಬಾಟಲಿ ಒಡೆಯುತ್ತದೆ. ಕ್ಲೋರಿನ್ ಇರುವ ದ್ರಾವಕಗಳಿಗೆ ಬೇರೆ ಬಾಟಲಿ, ಇಲ್ಲದವುಗಳಿಗೆ ಬೇರೆ. ನೈಟ್ರಿಕ್ ಆಮ್ಲದಿಂದ ತೊಳೆಯಬೇಕಾದ ಗಾಜನ್ನು ಅಸಿಟೋನ್‌ನಲ್ಲಿ ಜಾಲಿಸಿದ್ದರೆ ನಡುವೆ ಧಾರಾಳ ನೀರು ಹಾಕಿ ತೊಳೆಯಿರಿ. ಹೈಡ್ರೋಜನ್ ಪೆರಾಕ್ಸೈಡ್ ಇರುವ ತ್ಯಾಜ್ಯದ ಬಳಿಗೆ ಅಸಿಟೋನ್ ಹೋಗಲೇಬಾರದು, ಅಲ್ಲಿ ಉಂಟಾಗುವ ಹರಳುಗಳು ಮುಟ್ಟಿದರೆ ಸಿಡಿಯುತ್ತವೆ. ಬಾಟಲಿಯ ಬಾಯಲ್ಲಿ ಬಿಳಿ ಹರಳು ಕಂಡರೆ ಮುಚ್ಚಳ ತಿರುಗಿಸದೆ, ಅಲುಗಾಡಿಸದೆ, ಎಲ್ಲರನ್ನೂ ಹೊರಗೆ ಕಳಿಸಿ ಸುರಕ್ಷತಾ ಅಧಿಕಾರಿಯನ್ನು ಕರೆಯಿರಿ.

ಮನೆಯಲ್ಲಿ ಇದೇ ತಪ್ಪು ಬ್ಲೀಚ್‌ನೊಂದಿಗೆ ಆಗುತ್ತದೆ. ಅಸಿಟೋನ್ ಚೆಲ್ಲಿದ ನೆಲದ ಮೇಲೆ ಬ್ಲೀಚ್ ಹಾಕಿದರೆ ಬಿಸಿಯಾಗಿ ಕ್ಲೋರೊಫಾರ್ಮ್ ಹೊಮ್ಮುತ್ತದೆ. ಚೆಲ್ಲಿದ್ದನ್ನು ಕಾಗದದಲ್ಲಿ ಹೀರಿಸಿ ಹೊರಗೆ ಒಯ್ದರೆ ಕೆಲಸ ಮುಗಿಯಿತು.

ಪ್ರಶ್ನೆ: ಮಗು ರಿಮೂವರ್ ಒಂದು ಗುಟುಕು ಕುಡಿದರೆ ವಾಂತಿ ಮಾಡಿಸಬೇಕೇ?

ಉತ್ತರ: ಮಾಡಿಸಬಾರದು. ವಾಂತಿಯಾಗುವಾಗ ದ್ರವ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿರುವುದಕ್ಕಿಂತ ಹೆಚ್ಚು ಹಾನಿ. ಬಾಯಿ ತೊಳೆಸಿ, ಮಗುವನ್ನು ನೇರವಾಗಿ ಕೂರಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯನ್ನು ಖಂಡಿತ ಜೊತೆಗೆ ಒಯ್ಯಬೇಕು. ಕೃತಕ ಉಗುರು ಬಿಡಿಸುವ ಕೆಲವು ದ್ರಾವಣಗಳಲ್ಲಿ ಅಸಿಟೋನ್ ಬದಲು ಅಸಿಟೋನೈಟ್ರೈಲ್ ಇದ್ದ ಉದಾಹರಣೆಗಳಿವೆ. ಅದು ಮೈಯಲ್ಲಿ ಗಂಟೆಗಳ ನಂತರ ಸಯನೈಡ್ ಆಗಿ ಬದಲಾಗುತ್ತದೆ. ಮಗು ಆಟವಾಡುತ್ತಿದೆ, ಏನೂ ಆಗಿಲ್ಲ ಎಂದು ಮನೆಯಲ್ಲೇ ಉಳಿಯಬೇಡಿ. ಯಾವ ದ್ರಾವಣ ಎಂದು ವೈದ್ಯರಿಗೆ ತಿಳಿದರೆ ಮುಂದಿನದು ಸುಲಭ.

ಪ್ರಶ್ನೆ: ತಮ್ಮನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾನೆ. ಜ್ವರ ಬಂದಾಗ ಉಸಿರು ರಿಮೂವರ್ ಥರ ವಾಸನೆ ಬರುತ್ತದೆ.

ಉತ್ತರ: ಅದು ಅಸಿಟೋನ್ ವಾಸನೆಯೇ, ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನೇ ಉರಿಸತೊಡಗಿ ರಕ್ತದಲ್ಲಿ ಕೀಟೋನ್‌ಗಳು ತುಂಬಿ ಆಮ್ಲ ಹೆಚ್ಚುತ್ತದೆ. ಉಪವಾಸ ಮಾಡಿದವರ ಬಾಯಲ್ಲೂ ಈ ವಾಸನೆ ಸ್ವಲ್ಪ ಬರುತ್ತದೆ, ಅದು ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಈ ವಾಸನೆಯ ಜೊತೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರಾಟ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಕ್ತದ ಕೀಟೋನ್ ಮೀಟರ್‌ನಲ್ಲಿ 3 ಅಥವಾ ಹೆಚ್ಚು ಬಂದರೂ ಹಾಗೆಯೇ. ಮೂತ್ರದ ಪಟ್ಟಿ ಅಸಿಟೋಅಸಿಟೇಟನ್ನು ಹಿಡಿಯುತ್ತದೆ, ಆಗ ಹೆಚ್ಚು ತುಂಬಿಕೊಳ್ಳುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಕೀಟೋನನ್ನು ಹಿಡಿಯುವುದಿಲ್ಲ. ಪಟ್ಟಿಯ ಬಣ್ಣ ತಿಳಿಯಾಗಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಊಟ ಸೇರುತ್ತಿಲ್ಲ ಎಂದು ಜ್ವರದ ದಿನ ಇನ್ಸುಲಿನ್ ನಿಲ್ಲಿಸುವುದು ತೀರಾ ಸಾಮಾನ್ಯ ತಪ್ಪು. ಎಷ್ಟು ತೆಗೆದುಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಅಸಿಟಿಲೀನ್ ಸಿಲಿಂಡರ್ ಮಲಗಿಸಿ ಸಾಗಿಸಿದೆವು. ಟಾರ್ಚ್ ಜ್ವಾಲೆ ಹಳದಿಯಾಗಿ ಉಗುಳುತ್ತಿದೆ, ಹೋಸು ಒಳಗೆ ಒದ್ದೆ. ಅಸಿಟೋನ್ ಬರುತ್ತಿದೆ ಎನ್ನುತ್ತಾರೆ, ಅದು ಅಲ್ಲಿ ಹೇಗೆ?

ಉತ್ತರ: ಅಸಿಟಿಲೀನನ್ನು ಬರಿದಾಗಿ ಒತ್ತಡದಲ್ಲಿ ತುಂಬಿದರೆ ತಾನಾಗಿಯೇ ಸಿಡಿಯುತ್ತದೆ. ಆದ್ದರಿಂದ ಸಿಲಿಂಡರ್ ಒಳಗೆ ರಂಧ್ರಮಯ ವಸ್ತು ತುಂಬಿ, ಅದಕ್ಕೆ ಅಸಿಟೋನ್ ಹೀರಿಸಿ, ಅನಿಲವನ್ನು ಆ ಅಸಿಟೋನ್‌ನಲ್ಲಿ ಕರಗಿಸಿರುತ್ತಾರೆ. ಮಲಗಿಸಿದಾಗ ದ್ರವ ವಾಲ್ವ್ ಕಡೆ ಬರುತ್ತದೆ. ವಾಲ್ವ್ ಮುಚ್ಚಿ, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಮಲಗಿದ್ದಷ್ಟು ಹೊತ್ತಾದರೂ ಹಾಗೇ ಬಿಡಿ. ಇಡೀ ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು. ಅಸಿಟೋನ್ ತಾಗಿದ ಹೋಸಿನ ಒಳಮೈ ಮೆತ್ತಗಾಗಿದ್ದರೆ ಬದಲಿಸಿ, ರೆಗ್ಯುಲೇಟರ್ ಪರೀಕ್ಷೆ ಮಾಡಿಸಿ. ನಿಂತ ಸಿಲಿಂಡರ್‌ನಿಂದಲೂ ಅನಿಲವನ್ನು ತೀರಾ ವೇಗವಾಗಿ ಎಳೆದರೆ ಅಸಿಟೋನ್ ಜೊತೆಗೆ ಬರುತ್ತದೆ. ಗಂಟೆಗೆ ಒಟ್ಟು ಅನಿಲದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ದೊಡ್ಡ ನಾಜಲ್ ಬೇಕಿದ್ದರೆ ಎರಡು ಸಿಲಿಂಡರ್ ಜೋಡಿಸಿ.

ಪ್ರಶ್ನೆ: ಉಳಿದ ಅರ್ಧ ಲೀಟರ್ ಅಸಿಟೋನ್ ಎಲ್ಲಿಡಬೇಕು? ಫ್ರಿಜ್‌ನಲ್ಲಿಟ್ಟರೆ ಆರುವುದಿಲ್ಲ ತಾನೇ?

ಉತ್ತರ: ಮನೆಯ ಫ್ರಿಜ್ ಬೇಡ. ಅದರ ಚಳಿಯೂ ಅಸಿಟೋನ್ ಹೊತ್ತಿಕೊಳ್ಳುವ ಮಟ್ಟಕ್ಕಿಂತ ಮೇಲೇ ಇದೆ, ಒಳಗಿನ ದೀಪದ ಸ್ವಿಚ್ಚು, ಥರ್ಮೊಸ್ಟಾಟ್ ಕಿಡಿ ಬಿಡಬಲ್ಲವು. ಬಂದ ಬಾಟಲಿಯಲ್ಲೇ, ಹೆಸರಿರುವ ಚೀಟಿ ಹಾಗೇ ಇರುವಂತೆ, ಮುಚ್ಚಳ ಬಿಗಿದು, ಬಿಸಿಲು ಬೀಳದ ಕಡೆ ಮಕ್ಕಳ ಕೈಗೆಟಕದಂತೆ ಇಡಿ. ನೀರಿನ ಬಾಟಲಿಗೆ ತುಂಬಿಡುವುದು ಯಾವ ಕಾರಣಕ್ಕೂ ಬೇಡ. ಮುಚ್ಚಳ ಬಿಗಿಯಾಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಸಡಿಲವಿದ್ದರೆ ಆರುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಒರೆಸಿದ ಜಾಗದಲ್ಲಿ ಬಿಳಿ ಮಸುಕು ಉಳಿಯತೊಡಗಿದರೆ ನೀರು ಸೇರಿದೆ ಎಂದು ತಿಳಿಯಿರಿ. ಅಂಥದ್ದು ಬ್ರಷ್ ತೊಳೆಯಲು ನಡೆಯುತ್ತದೆ. ಬೇಡವಾದದ್ದನ್ನು ಚರಂಡಿಗೆ ಸುರಿಯಬೇಡಿ, ಆವಿ ಕೊಳವೆಯೊಳಗೆ ನಿಂತು ಬೇರೆಲ್ಲೋ ಹೊತ್ತಿಕೊಳ್ಳಬಹುದು. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಮುಚ್ಚಿದ ಬಾಟಲಿಯಲ್ಲೇ ಕೊಡಿ.